ಬೇಡ ಅಂತ ತೀರ್ಮಾನವಾಗಿದ್ದ ಪೇಜುಗಳು: ಒಂದು ಎಲೆಕ್ಟ್ರಾನಿಕ್ಸ್ ರೆಫರೆನ್ಸ್ ಸೈಟಿನ ವಿಸಿಟರ್ ಲೆಕ್ಕ

ಒಬ್ಬರೇ ಕೂತು ವರ್ಷಗಟ್ಟಲೆ ಕಟ್ಟಿದ ಒಂದು ಎಲೆಕ್ಟ್ರಾನಿಕ್ಸ್ ಹವ್ಯಾಸಿ ಸೈಟಿನ ಪ್ರಕರಣ ಇದು. ಸೈಟಿನ ಹೆಸರು, ನಡೆಸೋರ ಹೆಸರು ಎರಡೂ ಹೇಳಲ್ಲ, ವಿಸಿಟರ್ ಸಂಖ್ಯೆಗಳನ್ನೂ ಕೊಡಲ್ಲ, ಯಾಕಂದ್ರೆ ಈ ಲೋಕ ಚಿಕ್ಕದು, ಎರಡು ಅಂಕಿ ಕೊಟ್ರೆ ಸಾಕು ಯಾರ ಸೈಟು ಅಂತ ಗೊತ್ತಾಗಿಬಿಡುತ್ತೆ. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ನಾನು ಇದರೊಳಗೆ ಬಂದಿದ್ದು ಸರ್ವರ್ ಲಾಗ್ (ಯಾವ ಪೇಜು ಯಾವಾಗ ಕೇಳಿದ್ರು ಅಂತ ಸರ್ವರ್ ಬರೆದಿಡೋ ದಾಖಲೆ) ಓದೋಕೆ ಜೊತೆಗಿರಲಿ ಅಂತ ಅವರು ಕರೆದಾಗ. ಇದೇ ಥರದ ಸಣ್ಣ ರೆಫರೆನ್ಸ್ ಸೈಟು ನಡೆಸೋರಿಗೆ ಉಪಯೋಗಕ್ಕೆ ಬರುತ್ತೆ ಅಂತ ನನಗೆ ಗಟ್ಟಿಯಾಗಿ ಅನ್ಸಿದೆ, ಅದಕ್ಕೇ ಸ್ವಲ್ಪ ವಿವರವಾಗೇ ಹೇಳ್ತೀನಿ.

ಸೈಟಲ್ಲಿ ಎರಡು ಥರದ ಪೇಜುಗಳಿದ್ವು. ಒಂದು ಕಡೆ ಚಿಕ್ಕಚಿಕ್ಕವು: ರೆಸಿಸ್ಟರ್ ಕಲರ್ ಕೋಡ್, ಕೆಪಾಸಿಟರ್ ಮೇಲೆ ಬರೆದಿರೋ ಮೂರಂಕಿ ಓದೋದು ಹೆಂಗೆ, ಒಂದೊಂದು ಟ್ರಾನ್ಸಿಸ್ಟರ್‌ಗೂ ಒಂದೊಂದು ಪಿನ್ ಚಿತ್ರ, ರೆಗ್ಯುಲೇಟರ್‌ಗಳು, ಜೊತೆಗೆ ಕೆಲವು ಕ್ಯಾಲ್ಕುಲೇಟರ್. ಇನ್ನೊಂದು ಕಡೆ ಉದ್ದದ ಲೇಖನಗಳು, ಪ್ರಾಜೆಕ್ಟುಗಳು. ಅದರಲ್ಲಿ 555 ಟೈಮರ್ ಅನ್ನೋ ಚಿಪ್ ಬಗ್ಗೆ ಬರೆದಿದ್ದು ಅವರಿಗೆ ತುಂಬಾ ಅಚ್ಚುಮೆಚ್ಚು. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗೋಸ್ಕರ ಅದನ್ನ ಡಿಸೈನ್ ಮಾಡಿದ್ದು, 1972ರಲ್ಲಿ ಅದು ಮಾರ್ಕೆಟ್ಟಿಗೆ ಬಂದಿದ್ದು, ಒಳಗಿರೋ ಎರಡು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸೋ ಭಾಗ) ಸಪ್ಲೈ ವೋಲ್ಟೇಜಿನ ಮೂರನೇ ಒಂದು ಭಾಗ ಮತ್ತು ಮೂರನೇ ಎರಡು ಭಾಗದಲ್ಲಿ ಹೆಂಗೆ ಕೆಲಸ ಮಾಡುತ್ತೆ ಅನ್ನೋದು, ಎಲ್ಲಾ ನಿಧಾನಕ್ಕೆ ಬಿಡಿಸಿ ಬರೆದಿದ್ರು. ಆ ಲೇಖನ ಓದಿದ್ರೆ ಬರೆದೋರು ಎಷ್ಟು ಪ್ರೀತಿಯಿಂದ ಬರೆದಿದಾರೆ ಅಂತ ತಿಳಿಯುತ್ತೆ.

ಸಮಸ್ಯೆ ಶುರುವಾಗಿದ್ದು ರಿಪೋರ್ಟುಗಳಿಂದ. ಅವರ ಹತ್ರ ಎರಡು ಲೆಕ್ಕ ಇತ್ತು. ಹೋಸ್ಟಿಂಗ್ ಕಡೆಯಿಂದ ಬರೋ ಲಾಗ್ ಸಾರಾಂಶ ಒಂದು, ಪೇಜಲ್ಲಿ ಹಾಕಿದ್ದ ಜಾವಾಸ್ಕ್ರಿಪ್ಟ್ ಕೌಂಟರ್ ಇನ್ನೊಂದು. ಮೊದಲನೇದು ಸೈಟು ಭರ್ಜರಿಯಾಗಿ ಓಡ್ತಿದೆ ಅಂತಿತ್ತು, ಎರಡನೇದು ಅದರ ಸಣ್ಣ ಪಾಲು ಜನ ಮಾತ್ರ ಬರ್ತಿದಾರೆ ಅಂತಿತ್ತು. ಮೇಲಾಗಿ ಎರಡನೇದರಲ್ಲಿ ಆ ಚಿಕ್ಕ ಪೇಜುಗಳ ಬೌನ್ಸ್ ರೇಟ್ (ಒಂದೇ ಪೇಜು ನೋಡಿ ಹೊರಟುಹೋಗೋರ ಪಾಲು) ಭಯಂಕರ ಜಾಸ್ತಿ, ಸರಾಸರಿ ಸಮಯ ಹೆಚ್ಚುಕಮ್ಮಿ ಸೊನ್ನೆ. ಜನ ಬರ್ತಾರೆ, ಇಷ್ಟ ಆಗಲ್ಲ, ವಾಪಸ್ ಹೋಗ್ತಾರೆ ಅಂತ ಅವರು ಅರ್ಥ ಮಾಡ್ಕೊಂಡ್ರು, ಆ ರಿಪೋರ್ಟ್ ಹೇಳೋ ಧಾಟಿಯೇ ಹಂಗಿತ್ತು ಕೂಡ. ಹಾಗಾಗಿ ಚಿಕ್ಕ ಪೇಜುಗಳನ್ನ ಒಟ್ಟಿಗೆ ಸೇರಿಸಿ ದೊಡ್ಡದು ಮಾಡೋದು, ಉಳಿದ ಸಮಯವನ್ನೆಲ್ಲಾ ಪ್ರಾಜೆಕ್ಟುಗಳಿಗೆ ಕೊಡೋದು ಅಂತ ತೀರ್ಮಾನ ಆಗಿತ್ತು.

ಇಲ್ಲಿ ಆ ಸೊನ್ನೆ ಎಲ್ಲಿಂದ ಬಂತು ಅಂತ ಹೇಳ್ಬೇಕು, ಯಾಕಂದ್ರೆ ಇಡೀ ಪ್ರಕರಣದ ಗಂಟು ಇರೋದೇ ಅಲ್ಲಿ. ಹಳೇ ಥರದ ಕೌಂಟರುಗಳು ಒಂದು ಪೇಜಲ್ಲಿ ಎಷ್ಟು ಹೊತ್ತು ಇದ್ರು ಅಂತ ಅಳೆಯೋದು ಮುಂದಿನ ಪೇಜು ತೆರೆದ ಹೊತ್ತಿಂದ ಈ ಪೇಜು ತೆರೆದ ಹೊತ್ತು ಕಳೆದು. ಮುಂದಿನ ಪೇಜೇ ಇಲ್ಲ ಅಂದ್ರೆ ಕಳೆಯೋಕೆ ಏನೂ ಇಲ್ಲ, ಆಗ ಸೊನ್ನೆ ಅಂತ ಬೀಳುತ್ತೆ. 2023ರ ಜುಲೈ 1ಕ್ಕೆ ನಿಂತುಹೋದ ಗೂಗಲ್‌ನ ಯೂನಿವರ್ಸಲ್ ಅನಲಿಟಿಕ್ಸ್ ಕೂಡ ಹಿಂಗೇ ಲೆಕ್ಕ ಹಾಕ್ತಿತ್ತು. ಅದರ ನಂತರದ ಆವೃತ್ತಿಯಲ್ಲಿ ಹತ್ತು ಸೆಕೆಂಡಿಗಿಂತ ಜಾಸ್ತಿ ಇದ್ರೆ ಆ ಭೇಟಿಯನ್ನ ಲೆಕ್ಕಕ್ಕೆ ತಗೋಬೇಕಾದ ಭೇಟಿ ಅಂತ ಪರಿಗಣಿಸ್ತಾರೆ, ಅದು ಎಷ್ಟೋ ವಾಸಿ. ಆದ್ರೆ ಇವರ ಕೌಂಟರ್ ಹಳೇ ಲೆಕ್ಕದ್ದು. ಅಂದ್ರೆ ಒಬ್ಬ ಬಿಸಿ547 ಟ್ರಾನ್ಸಿಸ್ಟರಿನ ಪಿನ್ ಚಿತ್ರ ತೆಗೆದು ಫೋನನ್ನ ಬೋರ್ಡ್ ಪಕ್ಕ ಇಟ್ಕೊಂಡು ಅರ್ಧ ಗಂಟೆ ಸೋಲ್ಡರ್ ಮಾಡಿದ್ರೂ ಸೊನ್ನೆ ಸೆಕೆಂಡು, ನೋಡಿದ ತಕ್ಷಣ ಬೇಡ ಅಂತ ಮುಚ್ಚಿದ್ರೂ ಸೊನ್ನೆ ಸೆಕೆಂಡು. ನಿಘಂಟಲ್ಲಿ ಒಂದು ಪದದ ಅರ್ಥ ನೋಡಿ ಮುಚ್ಚಿಟ್ಟೋರನ್ನ ಪುಸ್ತಕ ಇಷ್ಟವಾಗ್ಲಿಲ್ಲ ಅಂತ ಯಾರಾದ್ರೂ ಹೇಳ್ತಾರಾ?

ಮೊದಲನೇ ಲೆಕ್ಕ ಯಾಕೆ ಅಷ್ಟು ಜಾಸ್ತಿ ತೋರಿಸ್ತಿತ್ತು ಅನ್ನೋದು ಬೇರೆ ಕಥೆ. ಲಾಗ್‌ನಲ್ಲಿ ಮನುಷ್ಯರೂ ಬೀಳ್ತಾರೆ, ಬಾಟುಗಳೂ (ತಾವಾಗೇ ಪೇಜು ತೆರೆಯೋ ಪ್ರೋಗ್ರಾಮುಗಳು) ಬೀಳ್ತವೆ. ಜಾವಾಸ್ಕ್ರಿಪ್ಟ್ ಕೌಂಟರಲ್ಲಿ ಬಹಳಷ್ಟು ಬಾಟುಗಳು ಬೀಳಲ್ಲ ನಿಜ, ಆದ್ರೆ ಆಡ್ ಬ್ಲಾಕರ್ ಹಾಕ್ಕೊಂಡಿರೋ ಮನುಷ್ಯರೂ ಬೀಳಲ್ಲ, ಎಲೆಕ್ಟ್ರಾನಿಕ್ಸ್ ಓದೋರಲ್ಲಿ ಅಂಥೋರು ಕಮ್ಮಿ ಏನಿಲ್ಲ. ಹಾಗಾಗಿ ಎರಡು ಲೆಕ್ಕ ಯಾವತ್ತೂ ಹೊಂದಲ್ಲ, ಹೊಂದಿಸೋಕೆ ಹೋಗೋದೇ ದಂಡ. ಆದ್ರೆ ಇಲ್ಲಿ ವ್ಯತ್ಯಾಸ ಅಷ್ಟಕ್ಕೇ ಮುಗಿಯೋ ಥರ ಇರ್ಲಿಲ್ಲ. ಲಾಗ್ ಸಾರಾಂಶದ ಪ್ರಕಾರ ಅತೀ ಜನಪ್ರಿಯ ಪೇಜು ಒಂದು ರೆಸಿಸ್ಟರ್ ಕ್ಯಾಲ್ಕುಲೇಟರ್, ಹತ್ತಿರದಲ್ಲಿ ಇನ್ಯಾವುದೂ ಇಲ್ಲ. ಒಳಗೆ ಹೋಗಿ ನೋಡಿದ್ರೆ, ಆ ಪೇಜಲ್ಲಿ ಹಿಂದಿನ ಬೆಲೆ, ಮುಂದಿನ ಬೆಲೆ (ದುಡ್ಡಲ್ಲ, ರೆಸಿಸ್ಟರಿನ ಓಮ್ ಲೆಕ್ಕ) ಅಂತ ಎರಡು ಲಿಂಕ್ ಇದ್ವು, ಪ್ರತಿ ಬೆಲೆಗೂ ಬೇರೆ ಅಡ್ರೆಸ್ಸು. ಬಾಟ್ ಒಂದ್ಸಲ ಅದರೊಳಗೆ ಹೊಕ್ರೆ ಮುಂದೆ, ಮುಂದೆ, ಮುಂದೆ ಅಂತ ಹೋಗ್ತಾನೇ ಇರುತ್ತೆ, ಕೊನೆಯೇ ಇಲ್ಲ. ಸೈಟಿನ ಹೆಮ್ಮೆಯ ನಂಬರ್ ಒನ್ ಪೇಜಿನ ಓದುಗರಲ್ಲಿ ಬಹುಪಾಲು ಕ್ರಾಲರುಗಳು, ಅಂದ್ರೆ ಇಂಥ ಬಾಟುಗಳು.

ಅದನ್ನ ನಿಲ್ಲಿಸೋದು ಸುಲಭ ಇತ್ತು. ರೋಬೋಟ್ಸ್ ಫೈಲಲ್ಲಿ (ಬಾಟುಗಳು ಎಲ್ಲಿಗೆ ಬರ್ಬಾರ್ದು ಅಂತ ಸೈಟು ಬರೆದಿಡೋ ಫೈಲು) ಆ ಅಡ್ರೆಸ್ಸುಗಳನ್ನ ಮುಚ್ಚಿದ್ರು, ಲಿಂಕುಗಳನ್ನ ಬಟನ್ ಮಾಡಿದ್ರು. ಈ ರೋಬೋಟ್ಸ್ ಫೈಲು ಅನ್ನೋ ಪದ್ಧತಿ 1994ರಿಂದ ಇದೆ, 2022ರಲ್ಲಿ ಆರ್‌ಎಫ್‌ಸಿ 9309 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಅಧಿಕೃತವಾಗಿ ಬರೆದಿಟ್ರು, ಆದ್ರೂ ಅದು ವಿನಂತಿ ಮಾತ್ರ, ಪಾಲಿಸೋದು ಬಿಡೋದು ಬಾಟಿನ ಇಷ್ಟ. ಪಾಲಿಸೋ ಬಾಟುಗಳು ಹೊರಟ್ವು, ಗ್ರಾಫ್ ಬಿತ್ತು. ಬೀಳೋದು ನೋಡಿ ಅವರಿಗೆ ಬೇಜಾರಾಯ್ತು, ಅಷ್ಟು ದಿನದಿಂದ ನೋಡ್ಕೊಂಡು ಖುಷಿಪಟ್ಟಿದ್ದ ಗೆರೆ ಅದು, ಆ ಬೇಜಾರು ನನಗೆ ಅರ್ಥ ಆಗುತ್ತೆ.

ಇಷ್ಟರೊಳಗೆ ಅವರು ಅಂದ್ಕೊಂಡಿದ್ದ ವಿಲೀನವೂ ಒಂದು ಭಾಗಕ್ಕೆ ಆಗಿಹೋಗಿತ್ತು. ಟ್ರಾನ್ಸಿಸ್ಟರ್ ಪಿನ್ ಪೇಜುಗಳನ್ನೆಲ್ಲಾ ತೆಗೆದು ಒಂದೇ ಉದ್ದದ ಪೇಜು ಮಾಡಿದ್ರು, ಹಳೇ ಅಡ್ರೆಸ್ಸುಗಳಿಂದ 301 (ಅಡ್ರೆಸ್ಸು ಬದಲಾಗಿದೆ ಅಂತ ಹೇಳೋ ಸರ್ವರ್ ಕೋಡು) ಹಾಕಿ ಅದರ ಕಡೆ ತಿರುಗಿಸಿದ್ರು. ಕೌಂಟರ್ ಪ್ರಕಾರ ಸುಧಾರಣೆ ಆಯ್ತು! ಬೌನ್ಸ್ ಇಳೀತು, ಸರಾಸರಿ ಸಮಯ ಏರ್ತು. ಆದ್ರೆ ಲಾಗಲ್ಲಿ ಅದೇ ವಾರಗಳಲ್ಲಿ ಇನ್ನೊಂದು ನಡೀತಿತ್ತು. ಸೈಟಿನ ಒಳಗಿರೋ ಸರ್ಚ್ ಬಾಕ್ಸಲ್ಲಿ ಬಿಸಿ547, ಬಿಸಿ557 ಅಂತ ಹುಡುಕೋರು ಒಮ್ಮೆಲೇ ಜಾಸ್ತಿಯಾದ್ರು, ಅದೂ ಆ ಉದ್ದ ಪೇಜಿಗೆ ಬಂದು ಇಳಿದ ಮೇಲೆ. ಅಂದ್ರೆ ಫೋನಲ್ಲಿ ಅಷ್ಟುದ್ದ ಸ್ಕ್ರೋಲ್ ಮಾಡಿ ಸಿಗದೆ ಮತ್ತೆ ಹುಡುಕ್ತಿದಾರೆ. ಸಮಯ ಏರಿದ್ದು ಅವರು ಅಲ್ಲಿ ಸಿಕ್ಕಿಹಾಕ್ಕೊಂಡಿದ್ರಿಂದ, ಬೌನ್ಸ್ ಇಳಿದಿದ್ದು ಅವರು ಎರಡನೇ ಸಲ ಕ್ಲಿಕ್ ಮಾಡಬೇಕಾಗಿ ಬಂದಿದ್ರಿಂದ. ಇದನ್ನ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಸೈಟು ನಡೆಸೋರು ಸರಾಸರಿ ಸಮಯದ ಅಂಕಣ ನೋಡೋದನ್ನೇ ಬಿಟ್ರು. ಪೇಜುಗಳನ್ನ ಮತ್ತೆ ಬಿಡಿಬಿಡಿ ಮಾಡಿದ್ರು.

ಅಲ್ಲಿಂದ ನಾವು ಮೊತ್ತ ನೋಡೋದು ಬಿಟ್ಟು ಒಂದೊಂದು ಭೇಟಿಯನ್ನ ಸಾಲುಸಾಲಾಗಿ ಓದೋಕೆ ಶುರು ಮಾಡಿದ್ವಿ. ಐಪಿ ಅಡ್ರೆಸ್ಸಿನ ಕೊನೇ ಭಾಗ ಕತ್ತರಿಸಿ, ಆಮೇಲೇ ಓದಿದ್ದು. ಯಾರು ಅಂತ ನಮಗೆ ಬೇಕಿಲ್ಲ, ಏನು ಮಾಡಿದ್ರು ಅನ್ನೋದಷ್ಟೇ ಬೇಕು. ಲಾಗಿನ ಒಂದು ಸಾಲಲ್ಲಿ ಇರೋದು ಹೊತ್ತು, ಕೇಳಿದ ಅಡ್ರೆಸ್ಸು, ಸರ್ವರ್ ಕೊಟ್ಟ ಕೋಡು, ಎಷ್ಟು ಬೈಟು, ಎಲ್ಲಿಂದ ಬಂದ್ರು, ಯಾವ ಬ್ರೌಸರು, ಇಷ್ಟೇ. ಆದ್ರೆ ಸಾಲುಗಳನ್ನ ಜೋಡಿಸಿ ಓದಿದ್ರೆ ಮೇಜಿನ ಮುಂದೆ ಕೂತಿರೋ ಮನುಷ್ಯ ಕಾಣಿಸ್ತಾನೆ. ಒಂದು ಭೇಟಿ ಹಿಂಗಿತ್ತು: ಫೋನಿಂದ 7805ರ (ಪ್ಲಸ್ 5 ವೋಲ್ಟ್ ಕೊಡೋ ರೆಗ್ಯುಲೇಟರ್) ಪೇಜು, ಕೆಲವೇ ಸೆಕೆಂಡಲ್ಲಿ ಆ ಪೇಜಿನ ಪಿನ್ ಚಿತ್ರದ ಫೈಲನ್ನೇ ನೇರವಾಗಿ ಕೇಳಿದಾರೆ, ಅಂದ್ರೆ ಚಿತ್ರದ ಮೇಲೆ ಒತ್ತಿ ದೊಡ್ಡದು ಮಾಡಿ ನೋಡಿದಾರೆ, ಸ್ವಲ್ಪ ಹೊತ್ತು ಬಿಟ್ಟು 7905ರ (ಅದೇ ಥರದ್ದು, ಮೈನಸ್ 5 ವೋಲ್ಟಿಗೆ) ಪೇಜು, ಅದರ ಚಿತ್ರ, ಆಮೇಲೆ ಮತ್ತೆ 7805, ಈ ಸಲ ಕೋಡ್ 304, ಅಂದ್ರೆ ಪೇಜು ಆಗಲೇ ಫೋನಲ್ಲಿದೆ, ಬದಲಾಗಿದ್ಯಾ ಅಂತ ಕೇಳಿದಷ್ಟೇ. ಎಲೆಕ್ಟ್ರಾನಿಕ್ಸ್ ಗೊತ್ತಿರೋರಿಗೆ ಇದು ಏನು ಅಂತ ಹೇಳೋದೇ ಬೇಡ, ಪ್ಲಸ್ ಮೈನಸ್ ಎರಡೂ ಇರೋ ಸಪ್ಲೈ ಕಟ್ತಿದಾರೆ. 7805ಕ್ಕೆ ಎದುರಿಂದ ನೋಡಿದ್ರೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7905ಕ್ಕೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಹಿಂದಿನ ಲೋಹದ ಪಟ್ಟಿಯೂ ಒಂದರಲ್ಲಿ ಗ್ರೌಂಡು, ಇನ್ನೊಂದರಲ್ಲಿ ಇನ್‌ಪುಟ್ಟು, ಹಾಗಾಗಿ ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಇನ್ಸುಲೇಷನ್ ಇಲ್ದೆ ಬಿಗಿದ್ರೆ ಶಾರ್ಟು. ಈ ಮನುಷ್ಯನಿಗೆ ಬೇಕಾಗಿದ್ದು ಎರಡೂ ಪಕ್ಕಪಕ್ಕ ಇರೋ ಒಂದೇ ಚಿತ್ರ, ಸೈಟಲ್ಲಿ ಅದು ಇರ್ಲಿಲ್ಲ. ಚಿತ್ರದ ಫೈಲನ್ನ ಬಿಡಿಯಾಗಿ ಕೇಳೋದು ಇವರೊಬ್ಬರೇ ಅಲ್ಲ, ಪಿನ್ ಪೇಜುಗಳ ಉದ್ದಕ್ಕೂ ಇದೇ ಕಾಣಿಸ್ತು. ಚಿತ್ರ ಫೋನಿಗೆ ಚಿಕ್ಕದಾಯ್ತು ಅನ್ನೋ ದೂರನ್ನ ಯಾರೂ ಬರೆದು ಕಳ್ಸಿರ್ಲಿಲ್ಲ, ಆದ್ರೆ ಲಾಗಲ್ಲಿ ದಿನಾ ಬಿದ್ದಿತ್ತು.

ಕ್ಯಾಲ್ಕುಲೇಟರುಗಳು ಇನ್ನೂ ಹೆಚ್ಚು ಹೇಳಿದ್ವು. ಅವು ಹಾಕಿದ ಬೆಲೆಗಳನ್ನ ಅಡ್ರೆಸ್ಸಲ್ಲೇ ಕಳ್ಸೋ ಥರ ಕಟ್ಟಿದ್ರಿಂದ ಜನ ಏನು ಟೈಪ್ ಮಾಡಿದ್ರು ಅನ್ನೋದು ಲಾಗಲ್ಲಿ ಹಾಗೇ ಉಳಿದಿತ್ತು. ಎಲ್‌ಎಂ317ರ ಕ್ಯಾಲ್ಕುಲೇಟರ್ ತಗೊಳ್ಳಿ, ಎರಡು ರೆಸಿಸ್ಟರ್ ಹಾಕಿ ಬೇಕಾದ ವೋಲ್ಟೇಜ್ ಪಡೆಯೋ ರೆಗ್ಯುಲೇಟರ್ ಅದು. 5 ವೋಲ್ಟ್ ಬೇಕು, ಮೊದಲನೇ ರೆಸಿಸ್ಟರ್ 240 ಓಮ್ ಅಂದ್ರೆ ಉತ್ತರ 720 ಓಮ್ ಅಂತ ಬರುತ್ತೆ, ಲೆಕ್ಕ ಸರಿಯಾಗೇ ಇದೆ. ಆದ್ರೆ 720 ಅನ್ನೋ ಬೆಲೆ ಸಾಮಾನ್ಯ ಇ24 ಸಾಲಲ್ಲಿ (ರೆಸಿಸ್ಟರುಗಳು ತಯಾರಾಗೋ ನಿಗದಿತ ಬೆಲೆಗಳ ಪಟ್ಟಿ) ಇಲ್ಲ, ಅಲ್ಲಿರೋದು 680, ಅದು ಬಿಟ್ರೆ 750. ಲಾಗಲ್ಲಿ ಒಬ್ಬರಲ್ಲ ಇಬ್ಬರಲ್ಲ, ಎಷ್ಟೋ ಜನ 720 ಬಂದ ತಕ್ಷಣ ವಾಪಸ್ ಹೋಗಿ 680 ಹಾಕಿ ನೋಡ್ತಾರೆ, 4.79 ವೋಲ್ಟ್ ಬರುತ್ತೆ. 750 ಹಾಕ್ತಾರೆ, 5.16 ಬರುತ್ತೆ, ಆಮೇಲೆ ಕೆಲವರು ಮೊದಲನೇದನ್ನ 220 ಮಾಡಿ 680 ಇಟ್ಟು 5.11ಕ್ಕೆ ನಿಲ್ತಾರೆ. ಡಬ್ಬಿಯಲ್ಲಿ ಇರೋ ರೆಸಿಸ್ಟರ್ ಯಾವುದು ಅಂತ ನೋಡ್ಕೊಂಡು ಹೊಂದಿಸ್ತಿರೋದು ಸ್ಪಷ್ಟ. ಇವರಿಗೆ ಸರಿಯಾದ ಉತ್ತರ ಕೊಟ್ಟು ಸೈಟು ಸುಮ್ಮನಾಗಿತ್ತು, ಬೇಕಾಗಿದ್ದಿದ್ದು ಸಿಗೋ ಬೆಲೆಗಳಲ್ಲಿ ಹತ್ತಿರದ ಜೋಡಿ.

ಆದ್ರೆ ನಿಜವಾಗಿ ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದ್ದು 555ರ ಕ್ಯಾಲ್ಕುಲೇಟರ್. ಆಸ್ಟೇಬಲ್ (ಔಟ್‌ಪುಟ್ ತಾನಾಗೇ ಆನ್-ಆಫ್ ಆಗ್ತಾ ಇರೋ) ಸರ್ಕ್ಯೂಟಲ್ಲಿ ಕೆಪಾಸಿಟರ್ ಚಾರ್ಜ್ ಆಗೋದು ಎರಡೂ ರೆಸಿಸ್ಟರ್ ಮೂಲಕ, ಖಾಲಿಯಾಗೋದು ಎರಡನೇದರ ಮೂಲಕ ಮಾತ್ರ. ಹಾಗಾಗಿ ಔಟ್‌ಪುಟ್ ಮೇಲಿರೋ ಹೊತ್ತು ಯಾವಾಗಲೂ ಅರ್ಧಕ್ಕಿಂತ ಜಾಸ್ತಿ, ಸರಿಯಾಗಿ ಶೇಕಡಾ 50 ಈ ಸರ್ಕ್ಯೂಟಿಂದ ಬರೋದಿಲ್ಲ. ಜನಕ್ಕೆ 50 ಬೇಕು. ಮೊದಲನೇ ರೆಸಿಸ್ಟರನ್ನ ಇಳಿಸ್ತಾ ಹೋಗ್ತಾರೆ, 10 ಕಿಲೋಓಮ್, 1 ಕಿಲೋಓಮ್, 100 ಓಮ್, 10 ಓಮ್, ಕೊನೆಗೆ ಸೊನ್ನೆ. ಸೊನ್ನೆ ಹಾಕಿದಾಗ ಕ್ಯಾಲ್ಕುಲೇಟರ್ ಶೇಕಡಾ 50 ಅಂತ ಅಚ್ಚುಕಟ್ಟಾಗಿ ಉತ್ತರ ಕೊಡುತ್ತೆ, ಸೂತ್ರದ ಪ್ರಕಾರ ಅದು ತಪ್ಪೂ ಅಲ್ಲ. ಆದ್ರೆ ಬೋರ್ಡ್ ಮೇಲೆ ಹಂಗೆ ಕಟ್ಟಿದ್ರೆ ಸಪ್ಲೈ ನೇರವಾಗಿ 7ನೇ ಪಿನ್ನಿಗೆ ಬಂದು ಸೇರುತ್ತೆ, ಒಳಗಿರೋ ಡಿಸ್ಚಾರ್ಜ್ ಟ್ರಾನ್ಸಿಸ್ಟರ್ ಆನ್ ಆದ ಕ್ಷಣ ಸಪ್ಲೈಯಿಂದ ಗ್ರೌಂಡಿಗೆ ಅಡ್ಡ ಬರೋಕೆ ಏನೂ ಇಲ್ಲ, ಚಿಪ್ ಸುಟ್ಟುಹೋಗುತ್ತೆ. ಸೊನ್ನೆ ಹಾಕಿದ ಸಾಲು ಒಂದೆರಡಲ್ಲ. ಹಾಕಿದೋರಲ್ಲಿ ಎಷ್ಟು ಜನ ಹಂಗೇ ಕಟ್ಟಿದ್ರೋ, ಚಿಪ್ಪೇ ಡೂಪ್ಲಿಕೇಟ್ ಅಂತ ಅಂದ್ಕೊಂಡು ಇನ್ನೊಂದು ಹಾಕಿದ್ರೋ ಲಾಗಿಂದ ತಿಳಿಯಲ್ಲ. ಸೈಟು ನಡೆಸೋರು ಅವತ್ತೇ ಕೂತು ಕ್ಯಾಲ್ಕುಲೇಟರ್ ಬದಲಾಯಿಸಿದ್ರು, ಮೊದಲನೇ ಬೆಲೆ 1 ಕಿಲೋಓಮಿಗಿಂತ ಕಮ್ಮಿ ಹಾಕಿದ್ರೆ ಎಚ್ಚರಿಕೆ, ಸೊನ್ನೆಗೆ ಉತ್ತರವೇ ಇಲ್ಲ, ಬದಲಿಗೆ ಎರಡನೇ ರೆಸಿಸ್ಟರಿಗೆ ಅಡ್ಡಲಾಗಿ ಡಯೋಡ್ ಹಾಕಿ 50ರ ಹತ್ತಿರ ಬರೋ ಸರ್ಕ್ಯೂಟಿನ ಚಿತ್ರ.

ಮೂರನೇ ದಾರಿ ತೆರೆದಿದ್ದು ಸಿಗದೇ ಹೋದ ಹುಡುಕಾಟಗಳು. ಒಳಗಿನ ಸರ್ಚಲ್ಲಿ ಏನೂ ಬರದ ಪದಗಳು ಮತ್ತು 404 (ಅಂಥ ಪೇಜು ಇಲ್ಲ ಅನ್ನೋ ಕೋಡು) ಬಿದ್ದ ಅಡ್ರೆಸ್ಸುಗಳನ್ನ ಬೇರೆ ಮಾಡಿ ಪಟ್ಟಿ ಹಾಕಿದ್ವಿ. ಸಿ945, ಸಿ1815, ಎ1015, ಬಿಸಿ547ಬಿ, ಬರೀ 4148, ಬರೀ 103. ಸೈಟಲ್ಲಿ ಇವೆಲ್ಲಾ ಇದ್ವು, ಬೇರೆ ಹೆಸರಲ್ಲಿ. ಜಪಾನಿ ಪದ್ಧತಿಯ ಟ್ರಾನ್ಸಿಸ್ಟರುಗಳ ಪೂರ್ತಿ ಹೆಸರು 2ಎಸ್‌ಸಿ945, 2ಎಸ್‌ಸಿ1815 ಅಂತ, ಆದ್ರೆ ಮೈಮೇಲೆ ಅಚ್ಚು ಹಾಕೋವಾಗ ಮುಂದಿನ 2ಎಸ್ ಬಿಡ್ತಾರೆ. ಬಿಸಿ547ರ ಕೊನೇ ಅಕ್ಷರ ಗೇನ್ (ಕರೆಂಟನ್ನ ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು) ಗುಂಪು ಹೇಳುತ್ತೆ, ಎ ಅಂದ್ರೆ 110ರಿಂದ 220, ಬಿ ಅಂದ್ರೆ 200ರಿಂದ 450, ಸಿ ಅಂದ್ರೆ 420ರಿಂದ 800. ಪಿನ್ ಎಲ್ಲಕ್ಕೂ ಒಂದೇ. ಸೈಟು ಕಟ್ಟಿದೋರು ಡೇಟಾಶೀಟ್ ನೋಡಿ ಹೆಸರಿಟ್ಟಿದ್ರು, ಬರೋರು ಕೈಲಿರೋ ಪಾರ್ಟ್ ಮೇಲೆ ಕಣ್ಣಿಗೆ ಕಂಡಿದ್ದನ್ನ ಟೈಪ್ ಮಾಡ್ತಿದ್ರು. ಈ ಎರಡರ ಮಧ್ಯೆ ಇದ್ದ ಕಂದಕದಲ್ಲೇ ಅಷ್ಟು ಜನ ಬೀಳ್ತಿದ್ದಿದ್ದು. 103 ಅಂತೂ ಇನ್ನೂ ವಿಶೇಷ, ಅದು ಕೆಪಾಸಿಟರ್ ಮೇಲಿದ್ರೆ 10 ನ್ಯಾನೋಫ್ಯಾರಡ್, ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯೋ ಪುಟ್ಟ) ರೆಸಿಸ್ಟರ್ ಮೇಲಿದ್ರೆ 10 ಕಿಲೋಓಮ್. ಹುಡುಕಿದೋರ ಕೈಲಿ ಯಾವುದಿದೆ ಅಂತ ನಮಗೆ ಗೊತ್ತಾಗಲ್ಲ, ಹಾಗಾಗಿ ಎರಡೂ ಒಟ್ಟಿಗೆ ತೋರಿಸೋ ಪುಟ್ಟ ಪೇಜು ಮಾಡಿದ್ರು.

ಪಿನ್ ಚಿತ್ರಗಳನ್ನೂ ಮತ್ತೆ ಬರೆದ್ರು, ಈಗ ಪೇಜಿನ ತಲೆಯಲ್ಲೇ ದೊಡ್ಡದಾಗಿ, ಚಪ್ಪಟೆ ಮುಖ ನಿಮ್ಮ ಕಡೆ ಅಂತ ಚಿತ್ರದ ಒಳಗೇ ಬರೆದು, ಕೆಳಗಡೆಯಿಂದ ನೋಡಿದ್ರೆ ಹೆಂಗೆ ಅಂತ ಇನ್ನೊಂದು. ಪ್ರತಿ ಚಿತ್ರದ ಪಕ್ಕ ಜನ ಗೊಂದಲ ಮಾಡ್ಕೊಳ್ಳೋ ಜೋಡಿ ಯಾವುದೋ ಅದೂ ಇದೆ, ಈ ಜೋಡಿಗಳನ್ನ ಆರಿಸಿದ್ದು ಲಾಗಲ್ಲಿ ಒಂದರ ಹಿಂದೆ ಒಂದು ತೆರೆದಿದ್ದನ್ನ ನೋಡಿ. ಬಿಸಿ547ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಸಿ1815ಕ್ಕೆ ಎಮಿಟರ್, ಕಲೆಕ್ಟರ್, ಬೇಸ್. ಒಂದರ ಜಾಗದಲ್ಲಿ ಇನ್ನೊಂದನ್ನ ಹಾಗೇ ಚುಚ್ಚಿ ಯಾಕೆ ಕೆಲಸ ಮಾಡ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಳೋರಿಗೆ ಈ ಮೂರು ಚಿತ್ರ ಪಕ್ಕಪಕ್ಕ ಇದ್ರೆ ಸಾಕು.

ಇಷ್ಟಾದ ಮೇಲೆ ಏನಾಯ್ತು? ಒಟ್ಟು ವಿಸಿಟರ್ ಗೆರೆ ಹೆಚ್ಚೇನೂ ಏರ್ಲಿಲ್ಲ. ಬೌನ್ಸ್ ರೇಟ್ ಮೊದಲಿಗಿಂತ ಜಾಸ್ತಿಯಾಯ್ತು, ಹಳೇ ರಿಪೋರ್ಟ್ ಪ್ರಕಾರ ಹೇಳೋದಾದ್ರೆ ಸೈಟು ಕೆಟ್ಟಿದೆ. ಚಿತ್ರದ ಫೈಲನ್ನ ಬಿಡಿಯಾಗಿ ಕೇಳೋದು ತೀರಾ ಕಮ್ಮಿಯಾಯ್ತು. ಎಲ್‌ಎಂ317ರಲ್ಲಿ ಬೆಲೆ ಬದಲಾಯಿಸಿ ಬದಲಾಯಿಸಿ ಹುಡುಕೋ ಸಾಲುಗಳು ಕುಗ್ಗಿದ್ವು, ಹೆಚ್ಚಿನೋರು ಒಂದೇ ಸಲಕ್ಕೆ ನಿಲ್ತಿದಾರೆ. 404 ಪಟ್ಟಿ ಚಿಕ್ಕದಾಯ್ತು. ಓದೋರಿಗೆ ಒಳ್ಳೇದಾಗಿರೋದೆಲ್ಲಾ ಇಲ್ಲಿ ಲೆಕ್ಕ ಇಳಿಯೋದ್ರಲ್ಲೇ ಕಾಣಿಸುತ್ತೆ, ಏರೋದ್ರಲ್ಲಲ್ಲ. ಸೈಟಿನ ಮೇಲೆ ಜಾಹೀರಾತಿನ ಆದಾಯ ನೆಚ್ಚಿಕೊಂಡಿರೋರಿಗೆ ಇದು ಒಪ್ಪಿಗೆಯಾಗೋದು ಕಷ್ಟ, ಇವರಿಗೆ ಆ ಒತ್ತಡ ಇರ್ಲಿಲ್ಲ ಅನ್ನೋದನ್ನೂ ಹೇಳ್ಬೇಕು, ಇಲ್ಲಾಂದ್ರೆ ಇದೇ ತೀರ್ಮಾನಗಳು ಇಷ್ಟು ಸಲೀಸಾಗಿ ಆಗ್ತಿರ್ಲಿಲ್ಲ.

ಹಾಗಾದ್ರೆ ಆ ಉದ್ದದ 555 ಲೇಖನದ ಕಥೆ ಏನು ಅಂದ್ರೆ, ಅದಕ್ಕೆ ಬರೋರು ಕಮ್ಮಿ ಅನ್ನೋದು ನಿಜವೇ. ಆದ್ರೆ ಬಂದೋರು ಅಲ್ಲಿಂದ ಆಪ್‌ಆಂಪ್, ಆಮೇಲೆ ಕಂಪ್ಯಾರೇಟರ್, ಆಮೇಲೆ ಇನ್ನೊಂದು ಅಂತ ಮುಂದೆ ಹೋಗ್ತಾರೆ, ಕೆಲವು ದಿನ ಬಿಟ್ಟು ಎಲ್ಲಿಂದಲೂ ಲಿಂಕ್ ಇಲ್ದೆ ನೇರವಾಗಿ ವಾಪಸ್ ಬರ್ತಾರೆ. ಮತ್ತೆ ವಾರದ ದಿನಗಳಲ್ಲಿ ಕೋಷ್ಟಕ, ಪಿನ್ ಚಿತ್ರಗಳದ್ದೇ ಓಡಾಟ, ರಜೆ ದಿನಗಳಲ್ಲಿ ಲೇಖನ, ಪ್ರಾಜೆಕ್ಟುಗಳ ಪಾಲು ಮೇಲೇಳುತ್ತೆ. ಒಂದೇ ಸೈಟಿಗೆ ಎರಡು ಥರದ ಓದುಗರು, ಅಥವಾ ಒಬ್ಬರೇ ಎರಡು ಥರದ ಹೊತ್ತಲ್ಲಿ. ಇಬ್ಬರನ್ನೂ ಒಂದೇ ಸರಾಸರಿಗೆ ಹಾಕಿ ಕಲಸಿದ್ರೆ ಬರೋ ಸಂಖ್ಯೆ ಇಬ್ಬರದ್ದೂ ಅಲ್ಲ. ಈಗ ಕ್ಯಾಲ್ಕುಲೇಟರ್ ಎಚ್ಚರಿಕೆಯ ಕೆಳಗೇ ಆ ಲೇಖನಕ್ಕೆ ಲಿಂಕ್ ಇದೆ, ಯಾಕೆ 50 ಬರಲ್ಲ ಅಂತ ತಿಳ್ಕೋಬೇಕು ಅನ್ನೋರು ಅಲ್ಲಿಗೆ ಹೋಗ್ತಿದಾರೆ. ಅಂಕಿ ಸಣ್ಣದೇ, ಆದ್ರೆ ಸೈಟು ನಡೆಸೋರಿಗೆ ತುಂಬಾ ಸಮಾಧಾನ ಕೊಟ್ಟಿದ್ದು ಅದೇ, ನನಗೂ ಅಷ್ಟೇ.

ಬಾಟುಗಳ ಕಾಟ ಮುಗಿದಿಲ್ಲ. 2023ರ ಆಗಸ್ಟಲ್ಲಿ ಓಪನ್‌ಎಐ ತನ್ನ ಜಿಪಿಟಿಬಾಟ್ ಹೆಸರು ಪ್ರಕಟಿಸಿದ ಮೇಲೆ ಅಂಥವನ್ನ ಹೆಸರಿಂದ ಗುರುತಿಸೋದು ಸ್ವಲ್ಪ ಸುಲಭ ಆಗಿದೆ, ಆದ್ರೆ ಹೆಸರು ಹೇಳದೆ ಸಾಮಾನ್ಯ ಬ್ರೌಸರ್ ವೇಷದಲ್ಲಿ ಬರೋವು ಇದ್ದೇ ಇದಾವೆ. ಅವನ್ನ ಜರಡಿ ಹಿಡಿಯೋಕೆ ನಾವು ಬಳಸಿದ್ದು ಒಂದು ಒರಟು ಗುರುತು: ಪೇಜು ಕೇಳಿ ಅದರ ಚಿತ್ರ, ಸ್ಟೈಲ್ ಫೈಲು ಏನೂ ಕೇಳದೆ ಹೋಗೋರು ಬಹುತೇಕ ಮನುಷ್ಯರಲ್ಲ. ಪಿನ್ ನೋಡೋಕೆ ಬಂದು ಚಿತ್ರವೇ ಬೇಡ ಅನ್ನೋ ಮನುಷ್ಯ ಇರೋದು ಅಪರೂಪ ಅಲ್ವಾ. ಈ ಜರಡಿ ಪೂರ್ತಿ ಸರಿ ಅಲ್ಲ, ಕ್ಯಾಶಿಂದ (ಬ್ರೌಸರಲ್ಲಿ ಮೊದಲೇ ಉಳಿದಿರೋ ಪ್ರತಿಯಿಂದ) ನೋಡೋ ಕೆಲವರು ತಪ್ಪಿಹೋಗ್ತಾರೆ, ಆದ್ರೆ ಯಾವ ಪೇಜು ರಿಪೇರಿ ಮಾಡ್ಬೇಕು ಅಂತ ತೀರ್ಮಾನಿಸೋಕೆ ಇಷ್ಟು ಸಾಕು.

ಬೇರೆಯವರು ಇದನ್ನ ತಮ್ಮ ಸೈಟಲ್ಲಿ ಮಾಡೋದಾದ್ರೆ ನಾನು ಹೇಳೋದು, ಗ್ರಾಫ್ ತೆಗೆಯೋ ಮೊದಲು ಏನೂ ಸಿಗದ ಹುಡುಕಾಟಗಳ ಪಟ್ಟಿ ತೆಗೀರಿ, ಒಳಗಿನ ಸರ್ಚ್ ಇಲ್ಲದಿದ್ರೆ 404 ಪಟ್ಟಿ ಆದ್ರೂ ಸರಿ. ಇವರು ಈಗ ತಿಂಗಳಿಗೊಮ್ಮೆ ಅದನ್ನೇ ತೆಗೆಯೋದು, ಕ್ಯಾಲ್ಕುಲೇಟರಿಗೆ ಹಾಕಿದ ಬೆಲೆಗಳನ್ನ ಒಮ್ಮೆ ಕಣ್ಣಾಡಿಸೋದು, ಆಮೇಲೆ ಹಳೇ ಲಾಗ್ ಅಳಿಸೋದು. ಹೋದ ಸಲದ ಪಟ್ಟಿಯಲ್ಲಿ ಮೇಲೆ ಬಂದಿದ್ದು 01ಸಿ. ಅದು ಇಐಎ-96 ಅನ್ನೋ ಪದ್ಧತಿ, ಶೇಕಡಾ 1ರ ಸಣ್ಣ ಎಸ್‌ಎಂಡಿ ರೆಸಿಸ್ಟರುಗಳ ಮೇಲೆ ಬರುತ್ತೆ, 01 ಅಂದ್ರೆ 100, ಸಿ ಅಂದ್ರೆ ನೂರರಿಂದ ಗುಣಿಸಿ, ಒಟ್ಟು 10 ಕಿಲೋಓಮ್. ಸೈಟಲ್ಲಿ ಅದರ ಪೇಜೇ ಇಲ್ಲ, ಕೋಷ್ಟಕ ಟೈಪ್ ಮಾಡೋಕೆ ಶುರು ಮಾಡಿದಾರೆ.